ಮನೆಬಾಗಿಲಿಗೆ ಹೋಗಿ ಬರುವವರನ್ನು ಗೌರವಿಸುವುದು ಹೇಗೆ? ಸಮುದಾಯ ಮಾನಸಿಕ ಆರೋಗ್ಯ ಕಾರ್ಯಕರ್ತರ ಕುರಿತು ಚರ್ಚೆ

ಹೇಮಾವತಿ ತೀರ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಬರುವ ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನದ ಹೊತ್ತಿಗೆ, ನಮ್ಮ ತಾಲೂಕಿನ ಆರೈಕೆದಾರರ ಬಳಗದಿಂದ ಮೂರ್ನಾಲ್ಕು ಮಂದಿಯನ್ನು ಗೌರವಿಸಬೇಕೆಂಬ ಮಾತು ನಡೆದಿದೆ. ವೈದ್ಯರನ್ನು ಗೌರವಿಸುವವರು ಬೇಕಾದಷ್ಟಿದ್ದಾರೆ. ನಮ್ಮ ಮನಸ್ಸಿನಲ್ಲಿರುವವರು ಆಶಾ ಕಾರ್ಯಕರ್ತೆಯರು, ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು, ಜಿಲ್ಲಾ ಮಾನಸಿಕ ಆರೋಗ್ಯ ತಂಡದ ಸಮುದಾಯ ದಾದಿಯರು, ಮಾನಸಧಾರದಂತಹ ಹಗಲು ಆರೈಕೆ ಕೇಂದ್ರಗಳ ಸಹಾಯಕರು. ಚಿಕಿತ್ಸೆ ಬಿಟ್ಟವರನ್ನು ಮತ್ತೆ ಆಸ್ಪತ್ರೆಗೆ ಕರೆತರುವುದು, ಮನೆಯವರಿಗೆ ಧೈರ್ಯ ಹೇಳುವುದು, ಪ್ರಮಾಣಪತ್ರಕ್ಕಾಗಿ ಕಚೇರಿ ಅಲೆಯುವುದು, ಇವೆಲ್ಲ ಇವರ ಪಾಲಿಗೇ ಬರುತ್ತವೆ.

ಆಯ್ಕೆಗೆ ಕೂತಾಗಲೇ ತೊಡಕು ಶುರುವಾಯಿತು. ಹೆರಿಗೆ ಎಷ್ಟು, ಲಸಿಕೆ ಎಷ್ಟು ಎಂದು ಎಣಿಸಬಹುದು. ಆದರೆ ಒಬ್ಬರ ಕಾಯಿಲೆ ಮರುಕಳಿಸದೆ ವರ್ಷ ಕಳೆಯಿತು ಎನ್ನುವುದನ್ನು ಯಾವ ರಿಜಿಸ್ಟರಿನ ಯಾವ ಕಲಮಿನಲ್ಲಿ ಬರೆಯುವುದು? ಈ ಕ್ಷೇತ್ರದಲ್ಲಿ ಒಳ್ಳೆಯ ಕೆಲಸವೆಂದರೆ ಬಹುಪಾಲು ಕೆಟ್ಟದ್ದೊಂದು ಆಗದೇ ಹೋಗುವುದು. ಶಿಬಿರ ನಡೆಸಿದವರು, ಭಾಷಣ ಮಾಡಿದವರು, ಫೋಟೊದಲ್ಲಿ ಇರುವವರು ಸುಲಭವಾಗಿ ಕಣ್ಣಿಗೆ ಬೀಳುತ್ತಾರೆ. ಉಳಿದವರನ್ನು ಗುರುತಿಸುವ ಬಗೆ ಯಾವುದು? ಅನುಭವ ಇರುವವರು ದಯವಿಟ್ಟು ಬರೆಯಿರಿ.

ನಿವೃತ್ತ ಸಮಾಜ ಕಾರ್ಯಕರ್ತ

ಹೇಮಾವತಿ ತೀರ ಅವರೇ, ನಿಮ್ಮ ಪ್ರಶ್ನೆ ಈ ರಾಜ್ಯಕ್ಕೆ ಹೊಸದೇನಲ್ಲ. 1975ರಲ್ಲಿ ನಿಮ್ಹಾನ್ಸಿನಲ್ಲಿ ಸಮುದಾಯ ಮನೋವೈದ್ಯಕೀಯ ಘಟಕ ಆರಂಭವಾಗಿ, ಆನೇಕಲ್ ಕಡೆಯ ಸಕಲವಾರದಲ್ಲಿ ಹಳ್ಳಿಗಳ ನಡುವೆ ಪ್ರಯೋಗಗಳು ನಡೆದಾಗಲೇ, ಮನೋವೈದ್ಯರಿಂದಷ್ಟೇ ಈ ಕೆಲಸ ಸಾಗದು ಎಂಬುದು ಸ್ಪಷ್ಟವಾಗಿತ್ತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ನಡೆಸಿ ನೋಡಿದ್ದು 1985ರಿಂದ 1990ರವರೆಗೆ ಬಳ್ಳಾರಿಯಲ್ಲಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ, ಹಳ್ಳಿ ಸುತ್ತುವ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಅಗತ್ಯ ಔಷಧಗಳನ್ನು ಜಿಲ್ಲೆಯೊಳಗೇ ಸಿಗುವಂತೆ ಮಾಡಿದರು. ದೇಶವೆಲ್ಲ ಇಂದು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎಂದು ಕರೆಯುವ, 1996ರಲ್ಲಿ ನಾಲ್ಕು ಜಿಲ್ಲೆಗಳಲ್ಲಿ ಆರಂಭವಾದ ಯೋಜನೆಗೆ ಬಳ್ಳಾರಿಯೇ ಮಾದರಿ.

ಬಳ್ಳಾರಿ ಮಾದರಿಯ ಬಗ್ಗೆ ಬರೆಯುವಾಗ ವೈದ್ಯರ ಹೆಸರುಗಳು ಬರುತ್ತವೆ, ಬರಬೇಕಾದದ್ದೇ. ಆದರೆ ‘ನಿಮ್ಮ ಊರಿನಲ್ಲಿ ಒಬ್ಬೊಬ್ಬರೇ ಮಾತಾಡಿಕೊಳ್ಳುವವರು, ಮನೆ ಬಿಟ್ಟು ಹೋದವರು, ಪದೇ ಪದೇ ಪಿಟ್ಸ್ ಬರುವವರು ಯಾರಾದರೂ ಇದ್ದಾರೆಯೇ’ ಎಂದು ಮನೆಮನೆಯಲ್ಲಿ ಕೇಳಿಕೊಂಡು ಬಂದ ಕಾರ್ಯಕರ್ತರು ಆ ಬರಹಗಳಲ್ಲಿ ಬರಿಯ ಹುದ್ದೆಯಾಗಿ ಉಳಿದುಬಿಟ್ಟರು. ಇಂದಿನ ಜಿಲ್ಲಾ ತಂಡವನ್ನೇ ನೋಡಿ: ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ದಾದಿಯರು, ದಾಖಲೆ ಸಹಾಯಕರು ಎಂದು ಪಟ್ಟಿ ಇದೆ, ಹಳ್ಳಿ ಮಟ್ಟದಲ್ಲಿ ಈ ಕೆಲಸಕ್ಕೆಂದೇ ಮೀಸಲಾದ ಹುದ್ದೆ ಆ ಪಟ್ಟಿಯಲ್ಲಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಕಲಂ, ಮನೆಯಲ್ಲಿಯೇ ಪುನರ್ವಸತಿ ಸೇವೆ ಪಡೆಯುವುದನ್ನು ಜನರ ಹಕ್ಕಿನ ಭಾಗವೆಂದು ಹೇಳುತ್ತದೆ. ಆ ಮನೆಗೆ ಹೋಗುವವರು ಯಾರು ಎಂಬುದಕ್ಕೆ ಉತ್ತರ, ಬೇರೆ ಹತ್ತು ಕೆಲಸಗಳ ನಡುವೆ ಸಮಯ ಹೊಂದಿಸಿಕೊಂಡ ಯಾರೋ ಒಬ್ಬರು. ಮೊದಲು ಅವರನ್ನು ಹುಡುಕಿ. ಹುಡುಕುವ ಜಾಗ ವೇದಿಕೆಯಲ್ಲ, ತಾಲೂಕು ಆಸ್ಪತ್ರೆಯ ಫಾಲೋಅಪ್ ರಿಜಿಸ್ಟರು. ಎರಡು ತಿಂಗಳು ಬಾರದೆ ಮೂರನೆಯ ತಿಂಗಳು ಮತ್ತೆ ಬಂದವರ ಹೆಸರಿನ ಮುಂದೆ ನಿಂತು, ‘ಇವರನ್ನು ಮತ್ತೆ ಕರೆತಂದವರು ಯಾರು’ ಎಂದು ದಾದಿಯನ್ನು ಕೇಳಿದರೆ ಸಾಕು.

ತಮ್ಮನ ಅಕ್ಕ

ಸರ್ ಹೇಳಿದ ‘ಮತ್ತೆ ಬಂದವರ’ ಪಟ್ಟಿಯಲ್ಲಿ ನನ್ನ ತಮ್ಮನೂ ಇದ್ದಾನೆ, ಆದ್ದರಿಂದ ಬರೆಯುತ್ತಿದ್ದೇನೆ. ಅವನಿಗೆ ಸ್ಕಿಜೋಫ್ರೇನಿಯಾ. ಮಾತ್ರೆ ತೆಗೆದುಕೊಂಡರೆ ಕೈ ನಡುಗುತ್ತದೆ, ದಿನವಿಡೀ ಮಂಪರು ಎಂದು ನಿಲ್ಲಿಸಿಬಿಟ್ಟಿದ್ದ. ಅನ್ನದಲ್ಲಿ ಪುಡಿ ಮಾಡಿ ಬೆರೆಸಿಕೊಡೋಣ ಎಂದು ನಮ್ಮ ತಾಯಿ ಹೊರಟಾಗ ತಡೆದವರು ನಮ್ಮೂರ ಆಶಾ ಅಕ್ಕ. ‘ಒಂದು ದಿನ ಅವನಿಗೆ ಗೊತ್ತಾದರೆ ನಿಮ್ಮ ಕೈಯಿಂದ ಊಟವನ್ನೇ ಮಾಡುವುದಿಲ್ಲ, ಅಮ್ಮ’ ಎಂದು ಅವರು ಹೇಳಿದ ಮಾತು ನಮಗೆ ನಾಟಿತು. ಅವರು ತಮ್ಮನ ಬಳಿ ಕಾಯಿಲೆಯ ವಿಷಯವನ್ನೇ ಎತ್ತದೆ, ರೇಷ್ಮೆ ಹುಳುವಿನ ಬಗ್ಗೆ, ಹಾಲಿನ ಡೇರಿಯ ಬಗ್ಗೆ ಮಾತಾಡುತ್ತ ಬಹಳ ದಿನ ಬಂದು ಹೋದರು. ಕೊನೆಗೆ ಅವನೇ ಕೈ ನಡುಗುವುದನ್ನು ಅವರಿಗೆ ತೋರಿಸಿದ. ಅದನ್ನು ಅವರು ದಾದಿಗೆ ತಿಳಿಸಿ, ದಾದಿ ವೈದ್ಯರಿಗೆ ತಿಳಿಸಿ, ಮಾತ್ರೆ ಬದಲಾಯಿತು. ಈಗ ಅವನು ತಾನಾಗಿಯೇ ನುಂಗುತ್ತಾನೆ.

ಇದನ್ನು ಬರೆದದ್ದಕ್ಕೆ ಕಾರಣವಿದೆ. ಆ ಅಕ್ಕ ನಮ್ಮ ಮನೆಗೆ ‘ಎಷ್ಟು ಸಲ’ ಬಂದರು ಎಂದು ಯಾರಾದರೂ ಎಣಿಸಿದ್ದರೆ, ಮೊದಲ ಹಲವು ಭೇಟಿಗಳಿಂದ ‘ಫಲಿತಾಂಶ ಶೂನ್ಯ’ ಎಂದು ಬರೆಯಬೇಕಾಗುತ್ತಿತ್ತು. ಬಲವಂತ ಮಾಡಿ ಆಂಬುಲೆನ್ಸ್ ಹತ್ತಿಸಿದವರ ಲೆಕ್ಕ ಮಾತ್ರ ಚೆನ್ನಾಗಿ ಕಾಣುತ್ತದೆ. ನೀವು ಆಯ್ಕೆ ಮಾಡುವಾಗ ಅವಸರ ಮಾಡದವರನ್ನೂ ನೋಡಿ ಎಂಬುದು ನನ್ನ ಕೋರಿಕೆ.

ವಿ.ಆರ್.ಡಬ್ಲ್ಯು., ಕೊಪ್ಪಳ ಜಿಲ್ಲೆ

ನಾನು ಗ್ರಾಮ ಪಂಚಾಯಿತಿ ಮಟ್ಟದ ಪುನರ್ವಸತಿ ಕಾರ್ಯಕರ್ತ. ನಮ್ಮಲ್ಲಿ ಹೆಚ್ಚಿನವರು ಸ್ವತಃ ಅಂಗವಿಕಲರು, ಗೌರವಧನದ ಮೇಲೆ ದುಡಿಯುವವರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದ ಮೇಲೆ, ಮಾನಸಿಕ ಕಾಯಿಲೆ ಇರುವವರ ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡಿನ ಕೆಲಸವೂ ನಮ್ಮ ಕೈಗೆ ಬಂದಿದೆ. ಕಾಲಿಲ್ಲದವರಿಗೆ ಕಾರ್ಡು ಮಾಡಿಸುವುದಕ್ಕೂ ಇವರಿಗೆ ಮಾಡಿಸುವುದಕ್ಕೂ ಬಹಳ ವ್ಯತ್ಯಾಸವಿದೆ. ಶೇಕಡಾ 40ಕ್ಕಿಂತ ಕಡಿಮೆ ಎಂದು ಬಂದರೆ ಸೌಲಭ್ಯಗಳಿಲ್ಲ. ಪರೀಕ್ಷೆಯ ದಿನ ಮನುಷ್ಯ ಸ್ವಲ್ಪ ಸುಧಾರಿಸಿಕೊಂಡು ಇಸ್ತ್ರಿ ಅಂಗಿ ತೊಟ್ಟು ಬಂದಿದ್ದರೆ, ‘ಚೆನ್ನಾಗಿಯೇ ಇದ್ದಾನಲ್ಲ’ ಎನ್ನುವ ಮಾತು ಕೇಳಬೇಕಾಗುತ್ತದೆ. ಚಿಕಿತ್ಸೆಯ ಹಳೆಯ ಚೀಟಿಗಳನ್ನೆಲ್ಲ ಜೋಡಿಸಿಕೊಂಡು, ಮನೆಯವರಿಗೆ ಏನು ಹೇಳಬೇಕೆಂದು ತಿಳಿಸಿ, ಬೆಳಗಿನ ಮೊದಲ ಬಸ್ಸಿಗೆ ಹತ್ತಿಸಿಕೊಂಡು ಹೋಗುವವರು ನಾವು. ಬಸ್ಸಿನಲ್ಲಿ ಅವರು ಗಾಬರಿಗೊಂಡು ನಡುದಾರಿಯಲ್ಲಿ ಇಳಿದರೆ ನಾವೂ ಇಳಿಯುತ್ತೇವೆ.

ಸನ್ಮಾನದ ಬಗ್ಗೆ ನೇರವಾಗಿ ಹೇಳಿಬಿಡುತ್ತೇನೆ, ಬೇಸರಿಸಬೇಡಿ. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತದ ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಆರೋಗ್ಯ ನಾಯಕತ್ವದ ಪ್ರಶಸ್ತಿ ನೀಡಿತು. ಇಡೀ ದೇಶ ಹೆಮ್ಮೆಪಟ್ಟಿತು. 2025ರ ಜನವರಿಯಲ್ಲಿ ಅದೇ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಧರಣಿ ಕುಳಿತು, ತಿಂಗಳಿಗೆ 15,000 ರೂಪಾಯಿಯ ಖಚಿತ ಗೌರವಧನ ಕೊಡಿ ಎಂದು ಕೇಳಬೇಕಾಯಿತು. ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ ಯಾರಿಗೆ ಬೇಡ? ಆದರೆ ನನ್ನಂತಹವನಿಗೆ ಸನ್ಮಾನದ ದಿನ ತಾಲೂಕು ಕೇಂದ್ರಕ್ಕೆ ಬಂದು ಹೋಗುವ ಖರ್ಚೂ ಸ್ವಂತದ್ದೇ ಆಗಿರುತ್ತದೆ. ನಮ್ಮ ಮನೆಭೇಟಿಗಳ ಪ್ರಯಾಣ ಭತ್ಯೆ ಸಕಾಲಕ್ಕೆ ಕೈಸೇರುವಂತೆ ನಿಮ್ಮ ಬಳಗ ಒಂದು ಮನವಿ ಕೊಟ್ಟರೆ, ಅದನ್ನು ನಾನು ಪೇಟಕ್ಕಿಂತ ದೊಡ್ಡದೆಂದು ತಲೆಯ ಮೇಲೆ ಇಟ್ಟುಕೊಳ್ಳುತ್ತೇನೆ.

ಹೇಮಾವತಿ ತೀರ

ಬೇಸರವಿಲ್ಲ ಸರ್, ಮನವಿಯ ವಿಷಯವನ್ನು ಖಂಡಿತ ಬಳಗದ ಮುಂದೆ ಇಡುತ್ತೇನೆ. ಆದರೂ ಒಂದು ಸಂದೇಹ ಉಳಿಯುತ್ತದೆ. ವೇತನ ಸರಿಯಾಗುವವರೆಗೂ ಯಾರನ್ನೂ ಗುರುತಿಸಬಾರದು ಎಂದಾದರೆ, ಇನ್ನೆಷ್ಟು ವರ್ಷ ನಾವು ಸುಮ್ಮನಿರಬೇಕು? ಎರಡೂ ಒಟ್ಟಿಗೆ ಸಾಗಲಾರವೇ? ತಮ್ಮನ ಅಕ್ಕ ಹೇಳಿದಂತಹ ಪ್ರಸಂಗಗಳನ್ನು ಸಣ್ಣ ವೀಡಿಯೊ ಮಾಡಿ, ಫಲಾನುಭವಿಗಳ ಮಾತಿನಲ್ಲಿಯೇ ಸಭೆಯಲ್ಲಿ ತೋರಿಸಿದರೆ, ಅಧಿಕಾರಿಗಳಿಗೂ ಈ ಕೆಲಸದ ತೂಕ ತಿಳಿಯಬಹುದೆಂದು ನಮ್ಮಲ್ಲಿ ಕೆಲವರ ಅಭಿಪ್ರಾಯ.

ಹೆಸರು ಬೇಡ

ನಾನು ಬೈಪೋಲಾರ್ ಕಾಯಿಲೆಯೊಂದಿಗೆ ಬದುಕುತ್ತಿರುವವಳು. ಲಿಥಿಯಂ ತೆಗೆದುಕೊಳ್ಳುತ್ತೇನೆ, ಕೆಲಸಕ್ಕೆ ಹೋಗುತ್ತೇನೆ. ವೀಡಿಯೊದ ಮಾತು ಓದಿ ಬರೆಯಲೇಬೇಕೆನಿಸಿತು. ಮೊದಲನೆಯದಾಗಿ ನಾವು ಫಲಾನುಭವಿಗಳಲ್ಲ, ಚಿಕಿತ್ಸೆ ನಮ್ಮ ಹಕ್ಕು. ಎರಡನೆಯದಾಗಿ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ನಮ್ಮ ಕಾಯಿಲೆಯ ವಿವರಗಳನ್ನು ಗೋಪ್ಯವಾಗಿಡಬೇಕೆನ್ನುತ್ತದೆ. 24ನೇ ಕಲಂ, ಚಿಕಿತ್ಸೆ ಪಡೆಯುತ್ತಿರುವವರ ಫೋಟೊವನ್ನಾಗಲಿ ಮಾಹಿತಿಯನ್ನಾಗಲಿ ಅವರ ಒಪ್ಪಿಗೆ ಇಲ್ಲದೆ ಮಾಧ್ಯಮಗಳಿಗೆ ಕೊಡಬಾರದೆನ್ನುತ್ತದೆ. ಒಪ್ಪಿಗೆ ಕೇಳಿಯೇ ತೆಗೆಯುತ್ತೇವೆ ಎನ್ನಬಹುದು. ನನಗೆ ಉಪಕಾರ ಮಾಡಿದವರು ಎದುರು ನಿಂತು ‘ನಿಮ್ಮ ಒಂದು ಮಾತು ಬೇಕಿತ್ತು’ ಎಂದರೆ, ಬೇಡವೆನ್ನುವ ಧೈರ್ಯ ನನಗೆ ಇರುತ್ತದೆಯೇ? ಹಂಗಿನಲ್ಲಿ ಕೊಟ್ಟ ಒಪ್ಪಿಗೆಯನ್ನು ಒಪ್ಪಿಗೆ ಎನ್ನಲಾಗದು.

ಇನ್ನೊಂದು ವಿಷಯವನ್ನು ಈ ಚರ್ಚೆಯಲ್ಲಿ ಯಾರೂ ಎತ್ತಿಲ್ಲ. ಆಶಾ ಕಾರ್ಯಕರ್ತೆ ನಮ್ಮ ಮನೆಗೆ ಬಂದರೆ ಬೀದಿಯಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಬಸುರಿ, ಬಾಣಂತಿ, ಲಸಿಕೆ, ಕಫದ ಪರೀಕ್ಷೆ ಎಂದು ಅವರು ಎಲ್ಲ ಮನೆಗಳಿಗೂ ಹೋಗುವವರು. ಆ ಗುಲಾಬಿ ಸೀರೆಯೇ ನಮಗೆ ಮರೆ. ನಾಳೆ ನೀವು ಅವರಿಗೆ ‘ಅತ್ಯುತ್ತಮ ಮಾನಸಿಕ ಆರೋಗ್ಯ ಕಾರ್ಯಕರ್ತೆ’ ಎಂಬ ಫಲಕ ಕೊಟ್ಟು, ಅದರ ಸುದ್ದಿ ಜಿಲ್ಲಾ ಪುಟದಲ್ಲಿ ಬಂದು, ಊರ ವಾಟ್ಸಾಪ್ ಗುಂಪಿನಲ್ಲೆಲ್ಲ ಹರಿದಾಡಿತೆನ್ನಿ. ನಾಡಿದ್ದಿನಿಂದ ಅವರು ಯಾರ ಮನೆಯ ಮೆಟ್ಟಿಲು ಹತ್ತಿದರೂ, ‘ಓಹೋ, ಆ ಮನೆಯಲ್ಲೂ ಯಾರಿಗೋ ತಲೆ ಸರಿಯಿಲ್ಲ’ ಎಂಬ ಲೆಕ್ಕ ಶುರುವಾಗುತ್ತದೆ. ಮದುವೆಗೆ ಬಂದ ಹೆಣ್ಣುಮಕ್ಕಳಿರುವ ಮನೆಗಳು ಅವರಿಗೆ ಬಾಗಿಲು ತೆಗೆಯುವುದನ್ನೇ ನಿಲ್ಲಿಸಬಹುದು. ಹೊಗಳಲು ಹೋಗಿ ಅವರ ಕೈಯಲ್ಲಿದ್ದ ಮುಖ್ಯ ಸಾಧನವನ್ನೇ ಕಿತ್ತುಕೊಂಡಂತಾಗುತ್ತದೆ.

ನನ್ನ ವಿಷಯದಲ್ಲಿ ಹೇಳುವುದಾದರೆ, ನನಗೆ ಬಹಳ ನೆರವಾದವರೊಬ್ಬರಿದ್ದಾರೆ. ಅವರ ಹೆಸರನ್ನು ನಾನು ಎಲ್ಲಿಯೂ ಹೇಳುವುದಿಲ್ಲ, ಅವರೂ ನನ್ನ ಹೆಸರನ್ನು ಹೇಳಿದವರಲ್ಲ. ಅವರನ್ನು ಅತ್ಯುತ್ತಮರೆಂದು ನಾನು ತಿಳಿದಿರುವುದಕ್ಕೆ ಅದೂ ಒಂದು ಕಾರಣ.

ಸಮುದಾಯ ದಾದಿ

‘ಹೆಸರು ಬೇಡ’ ಅವರ ಮಾತು ಓದಿ ಕೆಲಹೊತ್ತು ಯೋಚಿಸಿದೆ. ಜಿಲ್ಲಾ ತಂಡದಲ್ಲಿ ಬಹಳ ಕಾಲದಿಂದ ಇರುವ ನನಗೂ ಅದು ಈ ರೀತಿ ಹೊಳೆದಿರಲಿಲ್ಲ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಆ ದಿನ ಬರಲು ಹಿಂಜರಿಯುವವರು ಎಷ್ಟೋ ಮಂದಿ. ಅಂದು ಆ ಬೆಂಚಿನ ಮೇಲೆ ಕುಳಿತವರು ಯಾರೆಂದು ಊರಿಗೆ ಗೊತ್ತಾಗುತ್ತದೆ ಎಂಬುದೇ ಕಾರಣ. ಆದ್ದರಿಂದ ಸನ್ಮಾನದ ಪತ್ರದಲ್ಲಿ ‘ಮಾನಸಿಕ’ ಎಂಬ ಪದವೇ ಇಲ್ಲದಿದ್ದರೂ ನಷ್ಟವಿಲ್ಲ ಎನಿಸುತ್ತದೆ. ‘ಮನೆಭೇಟಿ ಸೇವೆ’ ಎಂದರೆ ಸಾಕು. ಮೇಲಾಗಿ ಮೊದಲು ಆ ಕಾರ್ಯಕರ್ತೆಯನ್ನೇ ಕೇಳಬೇಕು. ಬೇಡವೆನ್ನುವ ಹಕ್ಕು ಅವರಿಗೂ ಇದೆ.

ವೃತ್ತಿಯ ಕಡೆಯಿಂದ ಎರಡು ಮಾತು ಸೇರಿಸುತ್ತೇನೆ. ತರಬೇತಿ ಪಡೆದ ಸ್ಥಳೀಯರಿಂದ ನಿಜಕ್ಕೂ ಪ್ರಯೋಜನವಿದೆಯೇ ಎಂದು ಕೇಳುವ ಅಧಿಕಾರಿಗಳಿಗೆ ಉತ್ತರ ಸಿದ್ಧವಾಗಿದೆ. ತಮಿಳುನಾಡು, ಗೋವಾ, ಮಹಾರಾಷ್ಟ್ರಗಳಲ್ಲಿ ಸ್ಕಿಜೋಫ್ರೇನಿಯಾ ಇರುವ 282 ಮಂದಿಯ ಮೇಲೆ ನಡೆದ, 2014ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಸ್ಪತ್ರೆಯ ಚಿಕಿತ್ಸೆಯೊಂದಿಗೆ ತರಬೇತಿ ಪಡೆದ ಸಮುದಾಯ ಕಾರ್ಯಕರ್ತರ ಮನೆಭೇಟಿಯೂ ಸೇರಿದಾಗ ವರ್ಷದ ಕೊನೆಯಲ್ಲಿ ಕಾಯಿಲೆಯ ಲಕ್ಷಣಗಳೂ, ಅದರಿಂದಾಗುವ ಅಸಾಮರ್ಥ್ಯವೂ ಇನ್ನಷ್ಟು ಇಳಿದಿದ್ದವು. ಇಳಿಕೆ ದೊಡ್ಡದೇನಲ್ಲ, ಸಾಧಾರಣವಾದದ್ದು. ಅದನ್ನು ಪವಾಡವೆಂದು ಹೇಳಿ ನಾವೇ ನಗೆಪಾಟಲಾಗಬಾರದು. ಅಲ್ಲಿನ ಕಾರ್ಯಕರ್ತರ ಹಿಂದೆ ಸಮಾಜ ಕಾರ್ಯಕರ್ತರೂ ಮನೋವೈದ್ಯರೂ ಮೇಲ್ವಿಚಾರಕರಾಗಿ ನಿಂತಿದ್ದರು ಎಂಬುದು ಮುಖ್ಯ. ನಮ್ಮ ರಾಜ್ಯದ ತೀರ್ಥಹಳ್ಳಿ, ತುರುವೇಕೆರೆ ತಾಲೂಕುಗಳಲ್ಲಿ ನಿಮ್ಹಾನ್ಸ್ ವರ್ಷಗಟ್ಟಲೆ ನಡೆಸಿದ ಕಾರ್ಯಕ್ರಮಗಳಲ್ಲಿಯೂ ಹಳ್ಳಿಯ ಕಾರ್ಯಕರ್ತರು ಒಂಟಿಯಾಗಿರಲಿಲ್ಲ.

ಎರಡನೆಯದು ಇದಕ್ಕೇ ಸಂಬಂಧಿಸಿದೆ. ‘ಹಗಲಿರುಳೆನ್ನದೆ ದುಡಿದವರು’ ಎಂಬ ಹೊಗಳಿಕೆಯನ್ನು ದಯವಿಟ್ಟು ಬಿಡಿ. ಆತ್ಮಹತ್ಯೆಯ ಮಾತಾಡುವ ಹುಡುಗಿ ರಾತ್ರಿ ಹನ್ನೊಂದಕ್ಕೆ ಕರೆ ಮಾಡಿದಾಗ, ತರಬೇತಿಯೂ ಬೆಂಬಲವೂ ಇಲ್ಲದ ಕಾರ್ಯಕರ್ತೆ ಒಬ್ಬಳೇ ಬೆಳಗಿನವರೆಗೆ ಮಾತಾಡಿಸುತ್ತ ಕೂರುವುದು ಆದರ್ಶವಲ್ಲ, ವ್ಯವಸ್ಥೆಯ ಕೊರತೆ. ಮನೆಯವರು ಹುಡುಗಿಯ ಜೊತೆಗಿರುವಂತೆ ಮಾಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಜೋಡಿಸಿ, ಬೆಳಗ್ಗೆ ನಮಗೆ ತಿಳಿಸಿದ ಕಾರ್ಯಕರ್ತೆ ನನ್ನ ದೃಷ್ಟಿಯಲ್ಲಿ ಹೆಚ್ಚು ಜಾಣೆ. ಯಾವಾಗ ತನ್ನ ಕೈಮೀರಿತು ಎಂದು ತಿಳಿದು ಮೇಲಿನವರಿಗೆ ದಾಟಿಸುವುದೂ ಶ್ರೇಷ್ಠ ಕೆಲಸವೇ. ಅಂದಹಾಗೆ, 2022ರ ಅಕ್ಟೋಬರ್ 10ರಂದು ಆರಂಭವಾದ ಆ ಸಹಾಯವಾಣಿಯಲ್ಲಿ ಕುಳಿತು ಕೇಳುವವರೂ ಇದೇ ಕ್ಷೇತ್ರದ ಕಾರ್ಯಕರ್ತರು. ಕರೆ ಮುಗಿದ ಮೇಲೆ ಆ ಮನುಷ್ಯ ಏನಾದ ಎಂಬುದು ಎಷ್ಟೋ ಸಲ ಅವರಿಗೆ ತಿಳಿಯುವುದೇ ಇಲ್ಲ. ಅವರನ್ನೂ ನೆನೆಯಿರಿ.

ನಿವೃತ್ತ ಸಮಾಜ ಕಾರ್ಯಕರ್ತ

ದಾದಿಯಮ್ಮನವರ ಮಾತಿಗೆ ನನ್ನ ಸಹಮತವಿದೆ, ಒಂದಂಶವನ್ನು ಬಿಟ್ಟು. ಪತ್ರದಿಂದ ‘ಮಾನಸಿಕ’ ಎಂಬ ಪದವನ್ನೇ ತೆಗೆದರೆ, ಕಳಂಕಕ್ಕೆ ನಾವೇ ಶರಣಾದಂತಲ್ಲವೇ? 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಬೇರೆಬೇರೆ ಕಾಯಿಲೆಗಳಿಗೆ ಅನುಗುಣವಾಗಿ ಶೇಕಡಾ 70ರಿಂದ 92ರಷ್ಟು ಮಂದಿ ಚಿಕಿತ್ಸೆಯಿಂದಲೇ ದೂರ ಉಳಿದಿದ್ದಾರೆ. ಹೀಗಿರುವಾಗ ಮುಚ್ಚಿಟ್ಟು ಎಷ್ಟು ಕಾಲ ನಡೆಸುವುದು? ಜಿಲ್ಲಾ ಮಟ್ಟದ ತಂಡದವರನ್ನು, ಹಗಲು ಆರೈಕೆ ಕೇಂದ್ರದವರನ್ನು ಆ ಹೆಸರಿನಲ್ಲಿಯೇ, ತಲೆಯೆತ್ತಿ ಗೌರವಿಸಬಹುದು. ಅವರ ಹುದ್ದೆಯೇ ಅದು.

ಹೆಸರು ಬೇಡ

ಸರ್, ಕಳಂಕದ ವಿರುದ್ಧ ಹೋರಾಡುವ ಹೊಣೆಯನ್ನು ನಮ್ಮ ಬೀದಿಗೆ ಬರುವ ಆಶಾ ಅಕ್ಕನ ಸೀರೆಯ ಸೆರಗಿಗೆ ಕಟ್ಟುವುದು ಬೇಡ ಎಂಬುದಷ್ಟೇ ನನ್ನ ವಾದ. ಜಿಲ್ಲಾ ತಂಡದವರ ವಿಷಯದಲ್ಲಿ ನಿಮ್ಮ ಮಾತನ್ನು ಒಪ್ಪುತ್ತೇನೆ.

ತಮ್ಮನ ಅಕ್ಕ

ಆಯ್ಕೆಯಲ್ಲಿ ನಮ್ಮಂಥವರ ಮಾತು ಹೇಗೆ ಸೇರಬೇಕು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಅಧಿಕಾರಿಗಳ ಶಿಫಾರಸಿನ ಮೇಲೆ ಬಿಟ್ಟರೆ, ವರದಿಯನ್ನು ಅಂದವಾಗಿ ಬರೆಯುವವರಿಗೇ ಹೋಗುತ್ತದೆ. ಆಸ್ಪತ್ರೆಯಲ್ಲಿ ಔಷಧ ಕೊಡುವ ಕಿಟಕಿಯ ಪಕ್ಕದಲ್ಲಿ ಒಂದು ಮುಚ್ಚಿದ ಪೆಟ್ಟಿಗೆ ಇಡಿ. ಬರೆಯುವವರು ತಮ್ಮ ಹೆಸರಾಗಲಿ ಊರಾಗಲಿ ಬರೆಯಬೇಕಿಲ್ಲ. ನೆರವಾದವರ ಹೆಸರು, ಏನು ಮಾಡಿದರು ಎಂದು ಒಂದು ಸಾಲು ಬರೆದರೆ ಸಾಕು. ಬರೆಯಲು ಬಾರದವರಿಗೆ ದಾದಿ ಬರೆದುಕೊಡಲಿ, ಆದರೆ ಆಯ್ಕೆಯ ಪಟ್ಟಿಯಲ್ಲಿ ಅದೇ ದಾದಿ ಇರಬಾರದು.

ಜೊತೆಗೆ ಒಂದು ಮಾತು. ಬೇರೊಂದು ತಾಲೂಕಿನಲ್ಲಿರುವ ನಮ್ಮ ನೆಂಟರ ಮನೆಯಲ್ಲಿ ನಡೆದದ್ದು: ಕಾರ್ಯಕರ್ತೆ ಹೇಗೋ ಒಪ್ಪಿಸಿ ಕರೆದುಕೊಂಡು ಹೋದರೆ, ಅಲ್ಲಿ ಮಾತ್ರೆಯೇ ದಾಸ್ತಾನಿರಲಿಲ್ಲ. ‘ಸುಮ್ಮನೆ ಅಲೆಸಿದಳು’ ಎಂದು ಮನೆಯವರು ಬೈದದ್ದು ಆಕೆಯನ್ನು. ಔಷಧದ ದಾಸ್ತಾನು ಸರಿಯಾಗಿ ಇಡುವ ಔಷಧ ವಿತರಕರೊಬ್ಬರು ನಿಮ್ಮ ತಾಲೂಕಿನಲ್ಲಿದ್ದರೆ, ಅವರನ್ನೂ ಪಟ್ಟಿಗೆ ಸೇರಿಸಿ. ಅವರು ಯಾರ ಮನೆಗೂ ಹೋಗದಿರಬಹುದು, ಆದರೆ ಮನೆಗೆ ಹೋಗಿ ಬಂದವರ ಮಾತು ಉಳಿಯುವುದು ಅವರಿಂದಲೇ.

ಹೇಮಾವತಿ ತೀರ

ನಿನ್ನೆ ಬಳಗದಲ್ಲಿ ಈ ಚರ್ಚೆಯನ್ನು ಪೂರ್ತಿ ಓದಿ ಹೇಳಿದೆ. ವೀಡಿಯೊ ಕೈಬಿಟ್ಟಿದ್ದೇವೆ. ಪೆಟ್ಟಿಗೆ ಇಡಲು ಆಸ್ಪತ್ರೆಯ ಆಡಳಿತಾಧಿಕಾರಿಗಳ ಅನುಮತಿ ಕೇಳುತ್ತೇವೆ. ಹಳ್ಳಿ ಮಟ್ಟದ ಕಾರ್ಯಕರ್ತರಿಗೆ ಸಾರ್ವಜನಿಕ ವೇದಿಕೆ ಇರುವುದಿಲ್ಲ; ಅವರ ಮೇಲ್ವಿಚಾರಕರ ಮೂಲಕ ಮೆಚ್ಚುಗೆ ಪತ್ರ ಕೊಟ್ಟು, ಅದರ ಪ್ರತಿ ಅವರ ಸೇವಾ ಕಡತ ಸೇರುವಂತೆ ತಾಲೂಕು ಆರೋಗ್ಯಾಧಿಕಾರಿಗಳನ್ನು ಕೋರುತ್ತೇವೆ. ಪತ್ರದ ಒಕ್ಕಣೆಯಲ್ಲಿ ಊರಿನ ಹೆಸರಾಗಲಿ, ಕಾಯಿಲೆಯ ಹೆಸರಾಗಲಿ ಇರುವುದಿಲ್ಲ. ಜಿಲ್ಲಾ ತಂಡದ ಮತ್ತು ಹಗಲು ಆರೈಕೆ ಕೇಂದ್ರದ ಒಬ್ಬೊಬ್ಬರನ್ನು, ಅವರು ಒಪ್ಪಿದರೆ, ಅಕ್ಟೋಬರಿನ ಸಭೆಯಲ್ಲಿ ಗೌರವಿಸುತ್ತೇವೆ. ಶಾಲು ಹಾರಗಳಿಗೆಂದು ತೆಗೆದಿಟ್ಟಿದ್ದ ಹಣ ಕಾರ್ಯಕರ್ತರ ಬಸ್ ಖರ್ಚಿಗೂ ಊಟಕ್ಕೂ ಹೋಗುತ್ತದೆ. ಪ್ರಯಾಣ ಭತ್ಯೆಯ ಮನವಿಯ ಕರಡನ್ನು ಇನ್ನೆರಡು ದಿನದಲ್ಲಿ ಇಲ್ಲಿಯೇ ಹಾಕುತ್ತೇನೆ, ತಿದ್ದಿಕೊಡಿ. ಆಯ್ಕೆಯ ಸಭೆಯನ್ನು ಮುಂದಿನ ತಿಂಗಳ ಎರಡನೆಯ ಮಂಗಳವಾರ ಇಟ್ಟುಕೊಳ್ಳೋಣವೇ ಎಂದು ಯೋಚಿಸಿದ್ದೇವೆ.

ವಿ.ಆರ್.ಡಬ್ಲ್ಯು., ಕೊಪ್ಪಳ ಜಿಲ್ಲೆ

ಮೇಡಂ, ಕರಡು ಹಾಕಿ, ನಮ್ಮ ತಾಲೂಕಿನ ಎಂ.ಆರ್.ಡಬ್ಲ್ಯು. (ತಾಲೂಕು ಮಟ್ಟದ ಪುನರ್ವಸತಿ ಕಾರ್ಯಕರ್ತರು) ಅವರಿಗೂ ತೋರಿಸಿ ತಿದ್ದಿಸುತ್ತೇನೆ. ಭತ್ಯೆಯ ಆದೇಶಗಳು ಅವರ ಬಳಿ ಇವೆ. ಸಭೆಯನ್ನು ಮಾತ್ರ ಮಂಗಳವಾರ ಇಡಬೇಡಿ. ನೀವು ಯಾರ ಬಗ್ಗೆ ಮಾತಾಡಬೇಕೆಂದಿದ್ದೀರೋ ಅವರೆಲ್ಲ ಅಂದು ಮನೋವೈದ್ಯರ ಓಪಿಡಿಗೆ ಜನರನ್ನು ಕರೆದುಕೊಂಡು ಬಂದಿರುತ್ತಾರೆ.

ಹೇಮಾವತಿ ತೀರ

ಸರಿ ಸರ್, ಗುರುವಾರಕ್ಕೆ ಬದಲಾಯಿಸಿದ್ದೇವೆ.